ಸಾಕ್ಷಿ ತಿದ್ದಲು ದೇವಾಪುರಕ್ಕೆ

ಯಾದಗಿರಿಯ ಬಸ್ ನಿಲ್ದಾಣದಲ್ಲಿ ಅವ್ವ ಎರಡು ಬಸ್ಸು ಬಿಟ್ಟಳು. ಮೊದಲನೆಯದರಲ್ಲಿ ಕಿಟಕಿಯ ಸೀಟಿಲ್ಲ ಎಂದಳು. ಎರಡನೆಯದರ ಡ್ರೈವರನ ಮುಖ ನೋಡಿ, ಇವನು ಜೋರು ಓಡಿಸುವವನು ಎಂದಳು. ಮೂರನೆಯದು ಶಹಾಪುರದವರೆಗೆ ಮಾತ್ರ ಹೋಗುವುದಾಗಿತ್ತು. ಅವಳು ಇನ್ನೊಂದು ನೆಪ ಹುಡುಕುವ ಮೊದಲೇ ನಾನು ಚೀಲ ಎತ್ತಿಕೊಂಡು ಹತ್ತಿಬಿಟ್ಟೆ. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಟಲಿ ಎಳ್ಳೆಣ್ಣೆ, ಎಸ್ತೇರವ್ವನಿಗೆಂದು ಕೊಂಡ ಒಂದು ಮೆತ್ತನೆಯ ಹೊದಿಕೆ ಇದ್ದವು.

ಎಸ್ತೇರವ್ವ ಅವ್ವನ ಗೆಳತಿ. ಇಬ್ಬರೂ ಬಳಿಚಕ್ರದವರು, ಒಂದೇ ಓಣಿಯಲ್ಲಿ ಹುಟ್ಟಿದವರು, ಒಂದೇ ಹೊಲದ ಸಾಲಿನಲ್ಲಿ ಅಕ್ಕಪಕ್ಕ ಕೂತು ಕಳೆ ತೆಗೆದು ದೊಡ್ಡವರಾದವರು. ಮದುವೆಯಾಗಿ ಅವ್ವ ಯಾದಗಿರಿಗೆ ಬಂದಳು, ಎಸ್ತೇರವ್ವ ಸುರಪುರದ ಹತ್ತಿರದ ದೇವಾಪುರಕ್ಕೆ ಹೋದಳು. ನಾನು ಅವಳನ್ನು ಚಿಗವ್ವ ಎನ್ನುತ್ತೇನೆ. ಎರಡೂ ಮನೆತನಗಳು ಮುತ್ತಜ್ಜನ ಕಾಲದಿಂದ ಕ್ರೈಸ್ತರವು. ಎರಡರಲ್ಲೂ ಓದಿದವರು ಇರಲಿಲ್ಲ. ನಾನು ಡಿಗ್ರಿ ಮುಗಿಸಿ ಹೈಸ್ಕೂಲ್ ಟೀಚರ್ ಆದಾಗ ಎರಡು ಮನೆಗಳಲ್ಲೂ ಮೊದಲಿಗಳು ನಾನೇ. ಸುಲಭಕ್ಕೆ ಆಗಿದ್ದಲ್ಲ, ಅದಕ್ಕೇ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಕಂಡಕ್ಟರ್ ಬಂದಾಗ ಅವ್ವ ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಹೆಣ್ಣುಮಕ್ಕಳಿಗೆ ಟಿಕೆಟ್ ಸೊನ್ನೆಯಾಗಿ ಇಷ್ಟು ದಿನವಾದರೂ ಅವಳಿಗೆ ಅದರಲ್ಲಿ ಏನೋ ಪರೀಕ್ಷೆ ಇದೆ ಎಂಬ ಭಯ ಹೋಗಿಲ್ಲ. ಊರು ದಾಟಿ ಭೀಮಾ ಸೇತುವೆಯ ಮೇಲೆ ಬಂದಾಗ ಹೊಳೆಯಲ್ಲಿ ನೀರು ಅಲ್ಲಲ್ಲಿ ನಿಂತಿತ್ತು, ನಡುವೆ ಬಂಡೆಗಳು ಕಾಣುತ್ತಿದ್ದವು. ಲೆಂಟ್ ಉಪವಾಸದ ದಿನಗಳು ಶುರುವಾಗಿದ್ದವು. ಬಿಸಿಲಿಗೆ ಆಗಲೇ ಹಲ್ಲು ಬಂದಿತ್ತು.

ನಾವು ಹೊರಟಿದ್ದು ಏಕೆಂದರೆ, ಅವ್ವ ಒಂದು ವರ್ಷದಿಂದ ಕರ್ತನ ಭೋಜನ ತೆಗೆದುಕೊಂಡಿರಲಿಲ್ಲ. ನಮ್ಮ ಸಭೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವ ಭಾನುವಾರ ಎಲ್ಲರೂ ಸಾಲಾಗಿ ಮುಂದೆ ಹೋಗಿ ಮೊಣಕಾಲೂರುತ್ತಾರೆ. ಯಾರಾದರೂ ನಿನ್ನಿಂದ ನೊಂದಿದ್ದರೆ ಮೊದಲು ಅವರ ಹತ್ತಿರ ಹೋಗಿ ಸರಿಮಾಡಿಕೊಂಡು ಬಾ, ಆಮೇಲೆ ಮೊಣಕಾಲೂರು ಎಂಬುದು ಹಿರಿಯರು ಇಟ್ಟ ಕಟ್ಟಳೆ. ಬಹಳ ಜನ ಅದನ್ನು ಕೇಳಿ ಮರೆಯುತ್ತಾರೆ. ಅವ್ವ ಮರೆಯುವವಳಲ್ಲ. ಸಾಲು ಎದ್ದಾಗ ಅವಳು ಹಿಂದಿನ ಚಾಪೆಯ ಮೇಲೆ ಕೂತೇ ಇರುತ್ತಿದ್ದಳು, ಸೆರಗಿನ ಅಂಚು ಮಡಚುತ್ತ.

ನೊಂದವಳು ಎಸ್ತೇರವ್ವ. ಕಳೆದ ವರ್ಷದ ಆರಂಭದಲ್ಲಿ ಅವಳಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಅವ್ವ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಹೋಗಿ ಪ್ರಾರ್ಥನೆ ಮಾಡಿದಳು. ಪ್ರಾರ್ಥನೆ ಮುಗಿದಾಗ ಎಸ್ತೇರವ್ವ ಇಬ್ಬರ ಭುಜ ಹಿಡಿದು ಹಾಸಿಗೆಯಿಂದ ಬಾಗಿಲತನಕ ನಡೆದಳಂತೆ. ಅಷ್ಟೇ. ಮುಂದಿನ ಭಾನುವಾರ ಸಾಕ್ಷಿಯ ಹೊತ್ತು ಬಂತು. ಕರ್ತನು ತನಗೆ ಮಾಡಿದ ಒಳ್ಳೆಯದನ್ನು ಎದ್ದು ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಅವ್ವ ಎದ್ದು, ದೇವಾಪುರದ ಎಸ್ತೇರವ್ವ ಎದ್ದು ನಡೆಯುತ್ತಿದ್ದಾಳೆ, ಕೊಡ ಹೊತ್ತು ನೀರಿಗೆ ಹೋಗುತ್ತಿದ್ದಾಳೆ ಎಂದುಬಿಟ್ಟಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬೇಡಿದ್ದು ಕೈಗೆ ಬರುವ ಮೊದಲೇ ಬಂತೆಂದು ಸ್ತೋತ್ರ ಹೇಳುವುದೇ ನಂಬಿಕೆ ಎಂದು ನಮ್ಮ ಕೂಟಗಳಲ್ಲಿ ಕಲಿಸುವವರಿದ್ದಾರೆ. ಅವ್ವ ಅದನ್ನು ಗೆಳತಿಯ ಕಾಲಿನ ಮೇಲೆ ಪ್ರಯೋಗ ಮಾಡಿದಳು.

ಮಾತು ಹರಿಯಿತು. ಹದಿನೈದು ದಿನಕ್ಕೆ ಕೆಂಭಾವಿಯ ಕಡೆಯಿಂದ ಒಂದು ಟೆಂಪೊ ತುಂಬ ಜನ, ಎದ್ದು ನಡೆದವಳನ್ನು ನೋಡಲು ದೇವಾಪುರಕ್ಕೆ ಬಂದರು. ಅವರಲ್ಲಿ ಒಬ್ಬಳು ನಡೆಯಲು ಬಾರದ ಮಗಳನ್ನು ಹೊತ್ತು ತಂದಿದ್ದಳು. ಎಸ್ತೇರವ್ವ ಮಂಚದ ಮೇಲೆ ಮಲಗಿದ್ದಳು. ಬಂದವರು ಸ್ವಲ್ಪ ಹೊತ್ತು ನಿಂತು ಹೋದರು. ಆ ಸಂಜೆಯೇ ಅವಳು ಮಗನಿಂದ ಫೋನ್ ಮಾಡಿಸಿ, ಇನ್ನು ನಮ್ಮ ಮನೆಗೆ ಯಾರೂ ಪ್ರಾರ್ಥನೆಗೆ ಬರುವುದು ಬೇಡ, ರತ್ನವ್ವನಂತೂ ಬೇಡವೇ ಬೇಡ ಎಂದು ಹೇಳಿಸಿದಳು. ರತ್ನವ್ವ ಎಂದರೆ ನಮ್ಮವ್ವ.

ಶಹಾಪುರಕ್ಕೆ ಮೂವತ್ತೈದು ಕಿಲೋಮೀಟರ್ ಇರಬೇಕು, ಒಂದು ಗಂಟೆ ಹಿಡಿಯಿತು. ನಿಲ್ದಾಣದ ಹೊರಗೆ ಮಿರ್ಚಿ ಭಜಿ ಮತ್ತು ಚಹಾ ತೆಗೆದುಕೊಂಡೆವು. ನಾನು ಇಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು. ಬೆಟ್ಟದ ಸಾಲು ಕಂಡರೆ ಈಗಲೂ ಹಾಸ್ಟೆಲಿನ ನೀರುಸಾರು ನೆನಪಾಗುತ್ತದೆ. ಅವ್ವನಿಗೆ ಬೆಟ್ಟ ಬೇಕಿರಲಿಲ್ಲ. ಯಾದಗಿರಿಗೆ ಹೋಗುವ ಬಸ್ಸು ಖಾಲಿ ನಿಂತಿದೆ ಎಂದು ಎರಡು ಸಲ ನನ್ನ ಗಮನಕ್ಕೆ ತಂದಳು. ಆಕೆ ಬಾಗಿಲಲ್ಲೇ ತಿರುಗಿ ಕಳಿಸಿದರೆ ಏನು ಗತಿ ಎಂದು ಕೇಳಿದಳು. ಕಳಿಸಿದರೆ ತಿರುಗಿ ಬರೋಣ, ಟಿಕೆಟ್ ಹೇಗೂ ಸೊನ್ನೆ ಎಂದೆ. ಅವಳು ನಗಲಿಲ್ಲ.

ಸುರಪುರದ ಬಸ್ಸಿನಲ್ಲಿ ನಮ್ಮ ಪಕ್ಕಕ್ಕೆ ಹಣೆತುಂಬ ವಿಭೂತಿಯ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಸುರಪುರದಲ್ಲಿ ಅವರ ಮಗನ ಕಿರಾಣಿ ಅಂಗಡಿ ಇದೆಯಂತೆ. ಎಲ್ಲಿಗೆ, ಯಾರ ಮನೆಗೆ ಎಂದೆಲ್ಲ ವಿಚಾರಿಸಿಕೊಂಡು, ಲಕ್ವಾ ಎಂದು ಕೇಳಿದ ಕೂಡಲೇ ತಲೆಯಾಡಿಸಿದರು. ಅವರ ಯಜಮಾನರಿಗೂ ಅದೇ ಆಗಿ ನಾಲ್ಕು ವರ್ಷ ಮಲಗಿದ್ದರಂತೆ.

“ನೋಡಾಕ ಬಂದವ್ರೆಲ್ಲಾ ಒಂದೊಂದು ಔಷಧ ಹೇಳಿ ಹೋಗೋರೇ,” ಎಂದರು. “ಸುಮ್ನ ಒಂದು ತಾಸು ಬಾಜೂಕ ಕುಂತು ಹೋದವ್ರು ಒಬ್ಬರೂ ಇಲ್ರಿ. ನೀವರ ಕುಂತು ಬರ್ರಿ.”

ಅವ್ವ ಆಗಲಿ ಎಂಬಂತೆ ಗೋಣು ಹಾಕಿ ಕಿಟಕಿಯ ಕಡೆ ತಿರುಗಿದಳು. ಕಾಲುವೆಯ ನೀರು ಬರುವ ಕಡೆ ಭತ್ತ ಹಸಿರಾಗಿತ್ತು. ನೀರಿಲ್ಲದ ಕಡೆ ಹತ್ತಿ ಬಿಡಿಸಿ ಮುಗಿದ ಗಿಡಗಳು ಒಣಗಿ ನಿಂತಿದ್ದವು. ರಸ್ತೆಯ ಪಕ್ಕದ ಬಯಲುಗಳಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಬಸ್ಸಿನೊಳಗೂ ಅದರ ಘಾಟು ಬಂದು ಮೂರು ಜನ ಒಟ್ಟಿಗೆ ಸೀನಿದರು.

ಸುರಪುರದಲ್ಲಿ ಇಳಿದಾಗ ಮಧ್ಯಾಹ್ನ ಹತ್ತಿರವಾಗಿತ್ತು. ದೇವಾಪುರಕ್ಕೆ ಹೋಗುವ ಆಟೊದಲ್ಲಿ ತಲೆಗೆ ಇಪ್ಪತ್ತು ರೂಪಾಯಿ. ಒಳಗೆ ಹತ್ತು ಜನ, ಎರಡು ಮೂಟೆ ಗೊಬ್ಬರ, ಒಂದು ಆಡಿನ ಮರಿ. ಮರಿ ದಾರಿಯುದ್ದಕ್ಕೂ ಅವ್ವನ ಸೆರಗು ತಿನ್ನಲು ನೋಡಿತು. ಅವಳಿಗೆ ಅದನ್ನು ಬಿಡಿಸಿಕೊಳ್ಳುವುದೂ ಬೇಕಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಎಸ್ತೇರವ್ವನ ಮನೆ ಊರ ತುದಿಯಲ್ಲಿದೆ, ತಗಡಿನ ಮಾಡಿನ ಎರಡು ಕೋಣೆಗಳ ಮನೆ. ಅಂಗಳದ ತುಂಬ ಕೆಂಪು ಮೆಣಸಿನಕಾಯಿ. ಅವಳ ಸೊಸೆ ಸುನೀತಾ ಅವುಗಳ ತೊಟ್ಟು ಬಿಡಿಸುತ್ತಿದ್ದವಳು ನಮ್ಮನ್ನು ಕಂಡು ಎದ್ದು ನಿಂತಳು, ಏನು ಮಾಡಬೇಕೆಂದು ತಿಳಿಯದೆ. ಒಳಗಿನಿಂದ ಯಾರೆಂದು ಕೇಳುವ ದನಿ ಬಂತು. ಯಾದಗಿರಿಯವರು ಎಂದಳು ಸುನೀತಾ.

“ಟೀಚರ್‌ನ ಒಳಗ ಕಳಸು,” ಎಂದಿತು ದನಿ. “ಆಕಿ ಅಲ್ಲೇ ಕುಂದರ್ಲಿ.”

ಅವ್ವ ಅಲ್ಲೇ ಕೂತಳು. ಚಪ್ಪಲಿ ಬಿಟ್ಟು ಸುನೀತಾಳ ಎದುರಿಗೆ ಕಾಲು ಮಡಚಿ, ತಾನೂ ತೊಟ್ಟು ಬಿಡಿಸತೊಡಗಿದಳು.

ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿ ಚಿಗವ್ವ ದಿಂಬಿಗೆ ಒರಗಿ ಕೂತಿದ್ದಳು. ಎಡಗೈ ಮಡಿಲಲ್ಲಿ ಬೇರೆಯವರದೆಂಬಂತೆ ಇತ್ತು. ಮುಖ ಇಳಿದಿತ್ತು, ಕಣ್ಣು ಮೊದಲಿನ ಹಾಗೇ ಚುರುಕು. ನನ್ನ ಶಾಲೆ ವಿಚಾರಿಸಿದಳು, ಪಗಾರ ವಿಚಾರಿಸಿದಳು, ಮದುವೆಯ ಸುದ್ದಿ ಎತ್ತಿ ನನ್ನನ್ನು ಕಾಡಿದಳು. ಇಷ್ಟು ಓದಿದವಳಿಗೆ ಗಂಡು ಹುಡುಕಲು ಹೈದರಾಬಾದಿಗೇ ಹೋಗಬೇಕೋ ಏನೋ ಎಂದಳು. ಮಾತಾಡುತ್ತಲೇ ಅವಳ ದೃಷ್ಟಿ ಕಿಟಕಿಯಾಚೆ ಅಂಗಳದಲ್ಲಿತ್ತು.

“ಮೆಣಸಿನಕಾಯಿ ಬಿಡಸಾಕತ್ತಾಳೇನು? ಬಿಡಸ್ಲಿ,” ಎಂದಳು. “ಈಗ ನೋಡು, ಕಣ್ಣಿಗಿ ಕೈ ಹಚ್ಚಿಕೊಂತಾಳ. ಸಣ್ಣಾಕಿ ಇದ್ದಾಗಿಂದ್ಲೂ ಆಕಿಗಿ ಅದು ತಿಳಿಯಂಗಿಲ್ಲ.”

ಸ್ವಲ್ಪ ಹೊತ್ತಿಗೆ ಅಂಗಳದಿಂದ ಅವ್ವ ನರಳಿದ್ದು, ಸುನೀತಾ ನೀರಿಗೆ ಓಡಿದ್ದು ಕೇಳಿಸಿತು. ಅವ್ವ ಅಳುತ್ತಿದ್ದಳೋ, ಖಾರವೋ, ನನಗೆ ಗೊತ್ತಾಗಲಿಲ್ಲ. ಚಿಗವ್ವ ನಗಬಾರದೆಂದು ತುಟಿ ಕಚ್ಚಿ ಹಿಡಿದಳು. ಒಂದು ಕಡೆಯ ತುಟಿ ಮಾತ್ರ ಮಾತು ಕೇಳಿತು.

“ಏ ರತ್ನಿ,” ಎಂದು ಕೂಗಿದಳು. “ಕೈ ತೊಳಕೊಂಡು ಒಳಗ ಬಾ.”

ಅವ್ವ ಕೆಂಪು ಕಣ್ಣು ಒರೆಸಿಕೊಳ್ಳುತ್ತ ಬಂದು ನೇರ ಮಂಚದ ಕಾಲ ಬಳಿ ನೆಲಕ್ಕೆ ಕುಸಿದಳು. ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. ತಪ್ಪಾಯಿತು ಎಂದಷ್ಟೇ ಹೇಳಿದಳು, ಎರಡು ಮೂರು ಸಲ. ಚಿಗವ್ವ ಅವಳಿಗೆ ಸ್ಟೂಲು ಎಳೆದುಕೊಂಡು ಸರಿಯಾಗಿ ಕೂರಲು ಹೇಳಿದಳು. ತಾನು ಕಾಲು ಹಿಡಿಸಿಕೊಳ್ಳುವಷ್ಟು ದೊಡ್ಡವಳಲ್ಲ ಎಂದಳು, ಕಾಲಿಗೆ ಹಿಡಿದದ್ದೂ ತಿಳಿಯುವುದಿಲ್ಲ ಎಂದಳು. ಅವ್ವ ಸ್ಟೂಲಿನ ಮೇಲೆ ಸುಮ್ಮನೆ ಕೂತಳು. ನಾನು ಆ ಕೋಣೆಯಲ್ಲಿ ಕಂಡ ದೊಡ್ಡ ಆಶ್ಚರ್ಯ ಅದೇ, ನಮ್ಮವ್ವ ಬಾಯಿ ಮುಚ್ಚಿಕೊಂಡು ಕೂತದ್ದು.

ಚಿಗವ್ವನೇ ಶುರುಮಾಡಿದಳು. ಸಿಟ್ಟು ಬಂದಿತ್ತು, ಅದು ನಿಜ, ಆದರೆ ಬಾಗಿಲು ಹಾಕಿದ್ದು ಸಿಟ್ಟಿಗಲ್ಲ ಎಂದಳು. ಕೆಂಭಾವಿಯ ಕಡೆಯಿಂದ ಬಂದ ಆ ಹುಡುಗಿಗೆ ಎಂಟೋ ಒಂಬತ್ತೋ ವರ್ಷ. ತಾಯಿ ಅವಳನ್ನು ಇದೇ ಮಂಚದ ತುದಿಯಲ್ಲಿ ಕೂರಿಸಿದ್ದಳು.

“ಆ ಹುಡುಗಿ ನನ್ನ ಮಾರಿ ನೋಡ್ಲಿಲ್ಲ ರತ್ನಿ. ನನ್ನ ಕಾಲು ನೋಡಾಕತ್ತಿತ್ತು. ಈಗ ಏಳ್ತಾಳ, ಈಗ ಏಳ್ತಾಳ ಅಂತ. ನಾ ಏಳ್ಲಿಲ್ಲ. ಆಕಿ ತಾಯಿ ಎತ್ತಿಕೊಂಡು ಹೋಗೂವಾಗ ತಿರುಗಿ ಮತ್ತೂ ಕಾಲೇ ನೋಡಿತು. ಇನ್ನೊಂದು ಕೂಸು ಹಂಗ ಬಂದು ಕುಂದ್ರಬಾರದು ಅಂತ ಬಾಗಿಲಾ ಹಾಕಿದೆ.”

ಅವ್ವ ಮೆಲ್ಲಗೆ, ಪ್ರಾರ್ಥನೆಯನ್ನೂ ಬಿಟ್ಟೆಯಾ ಎಂದು ಕೇಳಿದಳು.

“ಬಿಡಾಕ ಏನಾಗ್ಯಾದ? ಮಲಗಿದಾಕಿಗಿ ಅದ ಕೆಲಸ.” ಚಿಗವ್ವ ಬಲಗೈಯಿಂದ ಎಡಗೈ ಎತ್ತಿ ಬೇರೆ ಕಡೆ ಇಟ್ಟುಕೊಂಡಳು. “ನನ್ನ ಕಾಲು ಕೇಳೂದು ಬಿಟ್ಟೀನಿ. ಸ್ವಾಮಿ ತಾನೂ ಶಿಲುಬಿ ಏರೂದು ತಪ್ಪಿಸು ಅಂತ ಕೇಳಿಕೊಂಡ, ತಪ್ಪಲಿಲ್ಲ. ಆತ ನನ್ನ ಬಾಜೂಕ ಅದಾನ, ಅಷ್ಟು ಸಾಕು. ಆ ಹುಡುಗಿ ಸಲುವಾಗಿ ದಿನಾ ಕೇಳ್ತೀನಿ. ಹೆಸರು ಕೇಳ್ಲಿಲ್ಲ ಅವತ್ತು. ‘ಆ ಹುಡುಗಿ’ ಅಂತೀನಿ. ಆತಗ ತಿಳೀತದ.”

ನಾನು ದೇವರ ವಿಷಯದಲ್ಲಿ ಅವ್ವನಷ್ಟು ಗಟ್ಟಿಯವಳಲ್ಲ. ವಾಸಿಯಾಗದಿದ್ದರೆ ಕೇಳಿ ಏನು ಲಾಭ ಎಂದು ಮನೆಯಲ್ಲಿ ವಾದ ಮಾಡಿದವಳು. ಆ ಕೋಣೆಯಲ್ಲಿ ನನಗೆ ಆ ವಾದ ನೆನಪಾಯಿತು, ಹೊರಗೆ ತೆಗೆಯಬೇಕು ಅನ್ನಿಸಲಿಲ್ಲ. ಒಂದು ವರ್ಷದಿಂದ ಮಲಗಿದಲ್ಲೇ ಮಲಗಿದ ಹೆಂಗಸೊಬ್ಬಳು ಹೆಸರು ತಿಳಿಯದ ಮಗುವೊಂದನ್ನು ದಿನವೂ ನೆನೆದಿದ್ದಳು. ಅದಕ್ಕೆ ನಾನು ಏನು ಹೆಸರು ಕೊಟ್ಟರೂ ಅದು ಲಾಭವಂತೂ ಅಲ್ಲ, ನಷ್ಟವೂ ಅಲ್ಲ.

ಈಗ ನಾನೇನು ಮಾಡಲಿ ಎಂದು ಅವ್ವ ಕೇಳಿದಳು. ಹೇಳಿದ್ದನ್ನು ತಿದ್ದು ಎಂದಳು ಚಿಗವ್ವ, ಯಾದಗಿರಿಯಲ್ಲಿ ಆಮೇಲೆ, ಮೊದಲು ಇಲ್ಲಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಳದ ಮೆಣಸಿನಕಾಯಿ ಬಳಿದು ರಾಶಿ ಮಾಡಿ, ಚಾಪೆ ಹಾಸಿದೆವು. ವರ್ಷದ ಮೇಲೆ ಆ ಮನೆಯಲ್ಲಿ ಕೂಟ. ಸುನೀತಾ ನಾಲ್ಕು ಮನೆಗೆ ಹೇಳಿ ಬಂದಿದ್ದಳು, ಹದಿನಾಲ್ಕು ಮನೆಯವರು ಬಂದರು. ಮಂಚವನ್ನೇ ಬಾಗಿಲಿಗೆ ತಂದು ಇಟ್ಟರು. ಹಾಡಾಯಿತು, ಸಾಕ್ಷಿಯ ಹೊತ್ತು ಬಂತು, ಅವ್ವ ಎದ್ದಳು. ಸಾಕ್ಷಿ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಯಾದಗಿರಿಯಲ್ಲಿ ಇಲ್ಲ. ಆವತ್ತು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೂ ಅವಳಿಗೆ ತಿಳಿಯಲಿಲ್ಲ.

“ಎಸ್ತೇರವ್ವ ಎದ್ದು ನಡೀತಾಳ ಅಂತ ಹೇಳಿದಾಕಿ ನಾನು,” ಎಂದಳು. “ಆಕಿ ನಡ್ಯಾಂಗಿಲ್ಲ. ನಾ ಅವಸರ ಮಾಡಿದೆ. ದೇವರಗಿಂತ ಮುಂದ ಓಡಿದೆ. ಇಷ್ಟ ನನ್ನ ಸಾಕ್ಷಿ.”

ಕೂತಳು. ಸಾಕ್ಷಿ ಮುಗಿದಾಗ ಎಲ್ಲರೂ ಸ್ತೋತ್ರ ಹೇಳುವುದು ವಾಡಿಕೆ. ಮುಂದೆ ಕೂತಿದ್ದ ಮುದುಕರೊಬ್ಬರು ಸುತ್ತ ನೋಡಿ, ಹಂಗಾದರೆ ಇದಕ್ಕೆ ಸ್ತೋತ್ರ ಹೇಳಬೇಕೋ ಬೇಡವೋ ಎಂದು ಕೇಳಿದರು.

“ಹೇಳ್ರಿ ಮಾವಾ,” ಎಂದಳು ಚಿಗವ್ವ ಮಂಚದಿಂದ. “ರತ್ನವ್ವ ಇಷ್ಟು ಗಿಡ್ಡ ಮಾತಾಡಿದ್ದು ಇದ ಮೊದಲು. ಅದಕ್ಕರ ಹೇಳ್ರಿ.”

ಅಂಗಳವೆಲ್ಲ ನಕ್ಕಿತು. ಆಮೇಲೆ ಹೇಳಿದರು, ಗಟ್ಟಿಯಾಗಿಯೇ. ಪ್ರಾರ್ಥನೆಯಲ್ಲಿ ಯಾರೂ ಚಿಗವ್ವನ ಕಾಲಿನ ಮಾತೆತ್ತಲಿಲ್ಲ. ಅವಳು ಕೇಳಿದಂತೆ ಎಲ್ಲರೂ ಆ ಹುಡುಗಿಗಾಗಿ ಬೇಡಿದರು. ಊಟಕ್ಕೆ ಪುಂಡಿಪಲ್ಲೆ, ನಾವು ತಂದ ರೊಟ್ಟಿ, ಯಾರೋ ತಂದುಕೊಟ್ಟ ಕೃಷ್ಣೆಯ ಮೀನಿನ ಸಾರು. ಮಲಗುವ ಮುನ್ನ ಅವ್ವ ಎಳ್ಳೆಣ್ಣೆ ಬಿಸಿಮಾಡಿ ಗೆಳತಿಯ ಕಾಲು ತಿಕ್ಕಿದಳು. ಇಬ್ಬರೂ ಬಳಿಚಕ್ರದ ಯಾರದೋ ಹಳೆಯ ಜಗಳ ತೆಗೆದು ನಗುತ್ತಿದ್ದರು. ನಾನು ಅವರ ನಗು ಕೇಳುತ್ತ ನಿದ್ದೆ ಹೋದೆ.

ಬೆಳಿಗ್ಗೆ ಹೊರಡುವಾಗ ಚಿಗವ್ವ ಅವ್ವನ ಗಲ್ಲ ಹಿಡಿದು, ಇನ್ನು ನನ್ನ ಹೆಸರಿನ ಮೇಲೆ ಹಿಂದಿನ ಚಾಪೆಯಲ್ಲಿ ಕೂರಬೇಡ, ಬರುವ ಐತವಾರ ಭೋಜನಕ್ಕೆ ಹೋಗು ಎಂದಳು. ನಾವು ಬಂದ ಕೆಲಸ ಅಲ್ಲಿಗೆ ಆಗಿತ್ತು. ಸುರಪುರದ ನಿಲ್ದಾಣದಲ್ಲಿ ಯಾದಗಿರಿಯ ಬಸ್ಸು ನಿಂತಿತ್ತು, ನಾನು ಓಡಿಹೋಗಿ ಸೀಟು ಹಿಡಿದೆ. ಹಿಂತಿರುಗಿ ನೋಡಿದರೆ ಅವ್ವ ಕೆಂಭಾವಿಯ ಬಸ್ಸಿನ ಮುಂದೆ ನಿಂತಿದ್ದಳು. ಐತವಾರಕ್ಕೆ ಇನ್ನೂ ಮೂರು ದಿನವಿದೆ, ನನ್ನ ಮಾತು ಎರಡು ಮನೆ ಹೊಕ್ಕಿದೆ, ಒಂದು ಮನೆಗೆ ಮಾತ್ರ ಹೋದರೆ ಹೇಗೆ ಎಂದಳು. ನಾನು ಶಾಲೆಗೆ ಫೋನ್ ಮಾಡಿ ಇನ್ನೊಂದು ದಿನ ರಜೆ ಹೇಳಿದೆ.

ಕೆಂಭಾವಿಗೆ ಒಂದು ಗಂಟೆಗೂ ಮೇಲೆ ಹಿಡಿಯಿತು. ಅಂದು ಸಂತೆ. ಇಷ್ಟು ಜನರಲ್ಲಿ ಎಲ್ಲಿ ಹುಡುಕುವುದು ಎಂದು ನಾನು ಅಂದುಕೊಳ್ಳುತ್ತಿದ್ದಾಗ ಅವ್ವ ಉಳ್ಳಾಗಡ್ಡಿ ಮಾರುವವಳನ್ನು ಕೇಳಿಯೇಬಿಟ್ಟಳು. ನಡೆಯಲು ಬಾರದ ಹುಡುಗಿಯೇ, ಸೊಪ್ಪು ಮಾರುವವರ ಸಾಲಿನಲ್ಲಿ ಬೇವಿನ ಮರದ ಕೆಳಗೆ ಎಂದಳು ಅವಳು, ತಲೆ ಎತ್ತದೆ.

ಮರದ ಕೆಳಗೆ ಗೋಣಿಚೀಲದ ಮೇಲೆ ಹುಡುಗಿ ಕೂತಿತ್ತು. ಮುಂದೆ ಮೆಂತ್ಯ, ಕೊತ್ತಂಬರಿ, ಪುಂಡಿ. ಹಿಡಿಹಿಡಿಯಾಗಿ ತೆಗೆದು ನಾರು ಸುತ್ತಿ ಕಟ್ಟು ಮಾಡುತ್ತಿತ್ತು, ಬೆರಳು ಕಾಣದಷ್ಟು ಬೇಗ. ಪಕ್ಕದಲ್ಲಿ ತಾಯಿ. ಅವರು ಕುರಿ ಕಾಯುವ ಮನೆತನದವರು. ಗಂಡ ಕುರಿಗಳ ಜೊತೆ ಊರೂರು ತಿರುಗುತ್ತಾನೆ, ಹೆಂಡತಿ ಹೊಲದ ಮೂಲೆಯಲ್ಲಿ ಸೊಪ್ಪು ಬೆಳೆದು ಮಾರುತ್ತಾಳೆ. ಅವ್ವ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ನೀವು ದೇವಾಪುರಕ್ಕೆ ಅಷ್ಟು ದೂರ ಹೋದದ್ದು ನನ್ನ ಮಾತಿನಿಂದ, ಆ ಮಾತು ನಿಜವಲ್ಲ ಎಂದು ಹೇಳಿದಳು. ಆ ತಾಯಿ ಬೈಯುತ್ತಾಳೆಂದು ನಾನು ಕಾಯ್ದೆ. ಅವಳು ಗಿರಾಕಿಯೊಬ್ಬರಿಗೆ ಮೆಂತ್ಯ ಕೊಟ್ಟು ಕಳಿಸಿ, ನಮ್ಮ ಕಡೆ ತಿರುಗಿದಳು.

“ಎಲ್ಲಾ ದೇವ್ರಿಗೂ ಹೋಗಿ ಬಂದೀವ್ರಿ, ನಿಮ್ಮಲ್ಲಿಗೂ ಬಂದಿದ್ವಿ,” ಎಂದಳು. “ಹೋದಲ್ಲೆಲ್ಲಾ ಆಗ್ತದ ಅಂದ್ರು. ಆಗಿಲ್ಲಂತ ಹೇಳಾಕ ಬಂದವ್ರು ನೀವೊಬ್ಬರ ನೋಡ್ರಿ.”

ನಮಗೆ ಚಹಾ ತರಿಸಿದಳು. ಹುಡುಗಿಯ ಹೆಸರು ಮಾಳಮ್ಮ ಎಂದು ತಿಳಿಯಿತು. ಅವ್ವನ ಮುಖ ನೋಡಿ ನನಗೆ ಅರ್ಥವಾಯಿತು, ಸುನೀತಾಳ ನಂಬರಿಗೆ ಫೋನ್ ಹಚ್ಚಿ, ಮಾಳಮ್ಮನ ಕೈಗೆ ಕೊಟ್ಟು ಸ್ಪೀಕರ್ ಹಾಕಿದೆ. ಯಾರೆಂದು ಚಿಗವ್ವ ಕೇಳಿದಳು. ಮಾಳಮ್ಮ ಹೆಸರು ಹೇಳಿತು. ಮಂಚದ ಮೇಲೆ ಕೂತಿದ್ದವಳು ಎಂದಿತು. ಫೋನ್ ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ.

“ಮಾಳಮ್ಮ,” ಎಂದಿತು ಚಿಗವ್ವನ ದನಿ, ಹೆಸರನ್ನು ಬಾಯಲ್ಲಿ ಇಟ್ಟು ನೋಡುವಂತೆ.

“ನೀವು ಈಗ ನಡೀತೀರೇನ್ರಿ?” ಹುಡುಗಿ ಕೇಳಿತು.

“ಇಲ್ಲವ್ವ. ನೀ?”

“ಇಲ್ರಿ.”

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಇಬ್ಬರೂ ನಕ್ಕರು, ಒಂದು ಗುಟ್ಟು ಇಬ್ಬರಿಗೇ ತಿಳಿದವರಂತೆ. ತಾನು ಪಲ್ಲೆ ಕಟ್ಟುತ್ತೇನೆ ಎಂದಿತು ಮಾಳಮ್ಮ. ತಾನು ಒಂದೇ ಕೈಯಲ್ಲಿ ಬಳ್ಳೊಳ್ಳಿ ಸುಲಿಯುತ್ತೇನೆ ಎಂದಳು ಚಿಗವ್ವ. ಅದು ಆಗದ ಮಾತು ಎಂದಿತು ಹುಡುಗಿ. ಆಗುತ್ತದೆ, ಹಲ್ಲಿನ ಸಹಾಯ ಬೇಕು, ಅಂಥ ಉಪಾಯ ಇನ್ನೂ ಬಹಳ ಇವೆ, ಬಾ ಹೇಳಿಕೊಡುತ್ತೇನೆ ಎಂದಳು ಚಿಗವ್ವ. ಫೋನ್ ತಿರುಗಿ ನನ್ನ ಕೈಗೆ ಬಂದಾಗ ಕೊತ್ತಂಬರಿಯ ವಾಸನೆ ಬರುತ್ತಿತ್ತು.

ಶಹಾಪುರದ ಬಸ್ಸು ಸಂತೆಯ ಅಂಚಿನಲ್ಲೇ ಹಾದುಹೋಗುತ್ತದೆ. ಜನ ದಾರಿ ಬಿಡಲೆಂದು ಡ್ರೈವರ್ ಸ್ವಲ್ಪ ಹೊತ್ತು ನಿಲ್ಲಿಸಿದ. ಅವ್ವ ಕಿಟಕಿಯಿಂದ ಕತ್ತು ಹೊರಹಾಕಿದಳು, ನಾನೂ ನೋಡಿದೆ. ಬೇವಿನ ಮರದ ಕೆಳಗೆ ಮಾಳಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈ ಒಂದರಿಂದಲೇ ಮೆಂತ್ಯದ ಕಟ್ಟಿಗೆ ನಾರು ಸುತ್ತಲು ನೋಡುತ್ತಿತ್ತು. ನಾರು ಜಾರಿತು. ಹುಡುಗಿ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮತ್ತೆ ಸುತ್ತತೊಡಗಿತು.